ಇಂಡಸ್ಟ್ರಿಯಲ್ ಬಯೋಟೆಕ್ನಾಲಜಿಯಲ್ಲಿ ಎಂ.ಟೆಕ್.: ಸೇರುವ ಮೊದಲು ಏನೇನು ನೋಡಬೇಕು?

ಹಾಸನದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಇ. ಬಯೋಟೆಕ್ನಾಲಜಿ ಕೊನೆಯ ವರ್ಷದಲ್ಲಿದ್ದೇನೆ. ಹಾಸನದ ಹತ್ತಿರ ಊರು, ಅಪ್ಪ ಆಲೂಗಡ್ಡೆ ಮತ್ತು ಮುಸುಕಿನ ಜೋಳ ಬೆಳೆಯುತ್ತಾರೆ.

ಆರನೇ ಸೆಮಿಸ್ಟರಿನಲ್ಲಿ ಫ್ಲಾಸ್ಕಿನೊಳಗೆ ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಸ್ಟು ಬೆಳೆಸಿ ಸಿಟ್ರಿಕ್ ಆಸಿಡ್ ತೆಗೆಯುವ ಪ್ರಯೋಗ ಇತ್ತು. ಮೊದಲ ದಿನದ ದ್ರವಕ್ಕೆ ಬ್ಯುರೆಟ್‌ನಿಂದ ನಾಲ್ಕೈದು ಹನಿ ಕ್ಷಾರ ಬಿದ್ದ ಕೂಡಲೇ ಗುಲಾಬಿ ಬಣ್ಣ ಬಂತು. ಏಳನೇ ದಿನ ಎಷ್ಟು ಹಾಕಿದರೂ ಬಣ್ಣವೇ ತಿರುಗಲಿಲ್ಲ, ಬ್ಯುರೆಟ್ ಎರಡನೇ ಸಲ ತುಂಬಿಸಬೇಕಾಯಿತು. ಬರೀ ಸಕ್ಕರೆ ನೀರಿನಿಂದ ಇಷ್ಟು ಹುಳಿ! ಅವತ್ತೇ ನಿರ್ಧರಿಸಿದೆ, ಹೀಗೆ ಸೂಕ್ಷ್ಮಜೀವಿಗಳಿಂದ ಸರಕು ತಯಾರಿಸುವ ವಿದ್ಯೆಯನ್ನೇ ಓದುತ್ತೇನೆ ಅಂತ.

ಆದರೆ ಈಗ ಗೊಂದಲ. ನನ್ನ ಬ್ಯಾಚಿನವರಲ್ಲಿ ಮುಕ್ಕಾಲು ಪಾಲು ಸಾಫ್ಟ್‌ವೇರ್ ಕಡೆ ಹೊರಟಿದ್ದಾರೆ. "ಬಯೋಟೆಕ್ ಓದಿದವರಿಗೆ ಕೆಲಸ ಎಲ್ಲಿದೆ, ಅದರ ಮೇಲೆ ಇನ್ನೆರಡು ವರ್ಷ ಯಾಕೆ" ಅಂತ ದೊಡ್ಡಪ್ಪನ ಮನೆಯಲ್ಲೂ ಕೇಳಿದರು. ಒಂದು ಕಾಲೇಜಿನಲ್ಲಿ ಕೋರ್ಸಿನ ಹೆಸರು ಇಂಡಸ್ಟ್ರಿಯಲ್ ಬಯೋಟೆಕ್ನಾಲಜಿ, ಇನ್ನೊಂದರಲ್ಲಿ ಬಯೋಪ್ರೊಸೆಸ್, ಮತ್ತೊಂದರಲ್ಲಿ ಬಯೋಕೆಮಿಕಲ್ ಎಂಜಿನಿಯರಿಂಗ್. ವ್ಯತ್ಯಾಸ ಏನು? ಕಾಲೇಜು ಹೇಗೆ ಆರಿಸಬೇಕು? ನನಗೆ ಗಣಿತ ಅಷ್ಟಕ್ಕಷ್ಟೇ, ಅದೂ ಒಂದು ಹೆದರಿಕೆ. ಸಾಲ ಮಾಡಿ ಓದಬೇಕು, ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಮೂರನೇ ಪಾಳಿ

ತಂಗಿ, ಆ ಬ್ಯುರೆಟ್ ಸಾಲು ಓದಿ ತುಂಬಾ ಖುಷಿಯಾಯಿತು. ನಾನು ಎಂ.ಟೆಕ್. ಮುಗಿಸಿ 12 ವರ್ಷದಿಂದ ಫರ್ಮೆಂಟೇಶನ್ ವಿಭಾಗದಲ್ಲಿ, ಅಂದರೆ ಫರ್ಮೆಂಟರ್ ಎಂಬ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿ ಬೆಳೆಸುವ ಕಡೆ ಇದ್ದೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ನನಗೆ ಆ ವಯಸ್ಸಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಕಾಲೇಜು ನೋಡಲು ಹೋದಾಗ ಕಟ್ಟಡ, ಕ್ಯಾಂಪಸ್ಸು, ರ್‍ಯಾಂಕಿಂಗ್ ಎಲ್ಲ ಆಮೇಲೆ. ಮೊದಲು ಒಂದು ಪ್ರಶ್ನೆ ಕೇಳಿ: "ನಿಮ್ಮ ಫರ್ಮೆಂಟರ್ ಕೊನೆಯ ಸಲ ಓಡಿದ್ದು ಯಾವತ್ತು?" ಉತ್ತರ ಬಂದ ಮೇಲೆ ಲಾಗ್‌ಬುಕ್ ತೋರಿಸಿ ಅಂತ ಕೇಳಿ. ಎಷ್ಟೋ ಕಡೆ ಲಕ್ಷಗಟ್ಟಲೆ ಕೊಟ್ಟು ತಂದ ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಟ್ಟಿರುತ್ತಾರೆ. ಯಾರಾದರೂ ಪರಿಶೀಲನೆಗೆ ಬಂದಾಗ ಮಾತ್ರ ಹೊದಿಕೆ ತೆಗೆಯುವುದು. ಅಂಥ ಕಡೆ ಎರಡು ವರ್ಷ ಕಳೆದರೆ ನಿಮ್ಮ ಕೈಗೆ ಬರುವುದು ಅಂಕಪಟ್ಟಿ ಮಾತ್ರ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಈ ವಿದ್ಯೆಯ ತಿರುಳು ಇರುವುದೇ ಸಣ್ಣದನ್ನು ದೊಡ್ಡದು ಮಾಡುವುದರಲ್ಲಿ. ಮನೆಯಲ್ಲಿ ನಾಲ್ಕು ಜನರಿಗೆ ಸಾರು ಮಾಡುವವರು ಮದುವೆ ಮನೆಯಲ್ಲಿ ನಾನೂರು ಜನರಿಗೆ ಮಾಡಲು ಹೋದರೆ ಏನಾಗುತ್ತದೆ ಅಂತ ಅಡುಗೆ ಭಟ್ಟರನ್ನು ಕೇಳಿ. ಕೊಪ್ಪರಿಗೆ ಕುದಿ ಬರಲು ತೆಗೆದುಕೊಳ್ಳುವ ಹೊತ್ತು ಬೇರೆ, ತಳ ಹಿಡಿಯುವ ರೀತಿ ಬೇರೆ, ಒಲೆ ಆರಿಸಿದ ಮೇಲೂ ಅದು ಬೇಯುತ್ತಲೇ ಇರುತ್ತದೆ. ನಮ್ಮ ಟ್ಯಾಂಕಿಗೂ ಅದೇ ಕಥೆ. 5 ಲೀಟರಿನ ಗಾಜಿನ ಪಾತ್ರೆಗೆ ಹೊರಮೈ ಧಾರಾಳ, ಒಳಗಿನ ಬಿಸಿ ತಾನಾಗಿ ಹೊರಗೆ ಹೋಗುತ್ತದೆ. ಅದೇ ಆಕಾರದ ಪಾತ್ರೆಯನ್ನು ಉದ್ದ, ಅಗಲ, ಎತ್ತರ ಎಲ್ಲದರಲ್ಲೂ ಹತ್ತು ಪಟ್ಟು ಮಾಡಿದರೆ ಒಳಗಿನ ದ್ರವ ಸಾವಿರ ಪಟ್ಟು, ಹೊರಮೈ ನೂರೇ ಪಟ್ಟು. ಜೀವಕೋಶಗಳು ಉಸಿರಾಡಿ ಹುಟ್ಟಿಸಿದ ಬಿಸಿ ಹೋಗಲು ದಾರಿಯಿಲ್ಲ. ತಣ್ಣೀರಿನ ಕೊಳವೆ ಎಲ್ಲಿ, ಎಷ್ಟು ಸುತ್ತಬೇಕು ಎನ್ನುವುದೇ ಒಂದು ದೊಡ್ಡ ಲೆಕ್ಕ.

ಇನ್ನು ಆಮ್ಲಜನಕ. ಸಕ್ಕರೆಯನ್ನು ಒಂದು ಲೀಟರ್ ನೀರಿನಲ್ಲಿ ನೂರಾರು ಗ್ರಾಂ ಕರಗಿಸಬಹುದು. ಗಾಳಿಯಿಂದ ಆಮ್ಲಜನಕ ಕರಗುವುದು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಅಷ್ಟೇ. ದಟ್ಟವಾಗಿ ಬೆಳೆದ ಇ. ಕೋಲಿ ಬ್ಯಾಕ್ಟೀರಿಯಾ ಅದನ್ನು ಕೆಲವೇ ಸೆಕೆಂಡಿನಲ್ಲಿ ಖಾಲಿ ಮಾಡುತ್ತದೆ. ಗಾಳಿ ಊದುವುದು ಒಂದು ಕ್ಷಣ ನಿಂತರೂ ಉಸಿರು ಕಟ್ಟುತ್ತದೆ. ಜಾಸ್ತಿ ಊದಿದರೆ ನೊರೆ. ಜೋರಾಗಿ ಕಲಕಿದರೆ ಬೂಸ್ಟಿನ ಎಳೆಗಳು ತುಂಡಾಗುತ್ತವೆ. ನೀವು ಪಾಠದಲ್ಲಿ ಓದಿದ ಕೆ.ಎಲ್.ಎ. ಎನ್ನುವ ಮೂರಕ್ಷರ ಈ ಗುದ್ದಾಟದ ಅಳತೆ, ಅಂದರೆ ಗಾಳಿಯ ಆಮ್ಲಜನಕ ಎಷ್ಟು ಬೇಗ ದ್ರವಕ್ಕೆ ದಾಟುತ್ತದೆ ಅಂತ. ಪರೀಕ್ಷೆಗೆ ಬಾಯಿಪಾಠ ಮಾಡಿದಾಗ ನನಗೂ ಅದು ಏನೂ ಹೇಳಿರಲಿಲ್ಲ.

ಅರ್ಥವಾದದ್ದು ಎಂ.ಟೆಕ್. ಎರಡನೇ ವರ್ಷದ ಒಂದು ರಾತ್ರಿ. 5 ಲೀಟರ್ ಪಾತ್ರೆಯಲ್ಲಿ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಬೆಳೆಸಿ ಪ್ರೋಟಿಯೇಸ್ ಕಿಣ್ವ ತೆಗೆಯುವ ಪ್ರಾಜೆಕ್ಟು. ಹನ್ನೊಂದು ಗಂಟೆಗೆ ಎಲ್ಲ ಸರಿಯಿದೆ ಅಂತ ಚಾಪೆ ಹಾಸಿ ಅಲ್ಲೇ ಮಲಗಿದೆ. ಎರಡೂವರೆಗೆ ಸುಂಯ್ ಅನ್ನುವ ಸದ್ದಿಗೆ ಎಚ್ಚರ. ನೊರೆ ಮೇಲಕ್ಕೆದ್ದು ಗಾಳಿ ಹೊರಹೋಗುವ ಫಿಲ್ಟರನ್ನು ತೋಯಿಸಿಬಿಟ್ಟಿತ್ತು. ತೊಯ್ದ ಫಿಲ್ಟರಿನಲ್ಲಿ ಗಾಳಿ ದಾಟುವುದಿಲ್ಲ, ಒಳಗೆ ಒತ್ತಡ ಏರಿ ಮುಚ್ಚಳದ ರಬ್ಬರಿನ ಸಂದಿಯಿಂದ ಕಂದು ನೊರೆ ಬುಸಬುಸ ಹೊರಬರುತ್ತಿತ್ತು. ಗಾಬರಿಯಲ್ಲಿ ಗಾಳಿ ನಿಲ್ಲಿಸಿದೆ. ಪರದೆಯ ಮೇಲೆ ಕರಗಿದ ಆಮ್ಲಜನಕದ ಅಂಕಿ ನೂರಕ್ಕೆ 40ರಿಂದ ಸೊನ್ನೆಗೆ ಇಳಿಯುವುದನ್ನು ಕಣ್ಣಾರೆ ನೋಡಿದೆ, ಹತ್ತಕ್ಕೆ ಎಣಿಸುವಷ್ಟರಲ್ಲಿ. ಫಿಲ್ಟರ್ ಬದಲಿಸಿ, ನೊರೆ ತಗ್ಗಿಸುವ ಸಿಲಿಕೋನ್ ಎಣ್ಣೆ ಹಾಕಿ ಮತ್ತೆ ಶುರು ಮಾಡಿದೆ, ಆದರೆ ಆ ಬ್ಯಾಚು ಚೇತರಿಸಿಕೊಳ್ಳಲಿಲ್ಲ. ಬೆಳಿಗ್ಗೆ ನಮ್ಮ ಮೇಷ್ಟ್ರು ಬಂದು ಬೈಯಲಿಲ್ಲ. "ಈ ಗ್ರಾಫನ್ನು ಇಟ್ಟುಕೋ, ಇದರಿಂದಲೇ ಆಮ್ಲಜನಕ ಬಳಕೆಯ ವೇಗ ಲೆಕ್ಕ ಹಾಕು" ಅಂದರು. ನನ್ನ ಥೀಸಿಸ್ಸಿನ ಅತ್ಯುತ್ತಮ ಪುಟ ಅದೇ. ಆಮೇಲೆ ಕೆಲಸದ ಸಂದರ್ಶನದಲ್ಲಿ ಕೇಳಿದ್ದೂ ಅದರ ಬಗ್ಗೆಯೇ.

ಅಂಥ ರಾತ್ರಿ ಕೊಡುವ ಕಾಲೇಜನ್ನು ಹುಡುಕಿ.

ಪಾಠದ ಮೇಷ್ಟ್ರು

ಕೋರ್ಸಿನ ಹೆಸರಿನ ಬಗ್ಗೆ ಕೇಳಿದ್ದೀಯಲ್ಲಮ್ಮ, ಅದಕ್ಕೆ ಉತ್ತರ. ಬಯೋಕೆಮಿಕಲ್ ಎಂಜಿನಿಯರಿಂಗ್ ಅಂದರೆ ಸಾಮಾನ್ಯವಾಗಿ ಕೆಮಿಕಲ್ ಎಂಜಿನಿಯರಿಂಗ್ ಬುಡದಿಂದ ಬೆಳೆದ ಕವಲು, ಲೆಕ್ಕ ಜಾಸ್ತಿ. ಬಯೋಪ್ರೊಸೆಸ್ ಅಂದರೆ ಟ್ಯಾಂಕಿನ ಮುಂಚಿನ ಕೆಲಸ, ಟ್ಯಾಂಕು, ಆಮೇಲೆ ಸರಕನ್ನು ಶುದ್ಧ ಮಾಡುವುದು. ಇಂಡಸ್ಟ್ರಿಯಲ್ ಬಯೋಟೆಕ್ನಾಲಜಿಯಲ್ಲಿ ಇವೆಲ್ಲದರ ಜೊತೆ ಕಿಣ್ವ, ತಳಿ ಸುಧಾರಣೆ, ಜೈವಿಕ ಇಂಧನ, ಬಯೋಪ್ಲಾಸ್ಟಿಕ್ ಸೇರುತ್ತವೆ. ಆದರೆ ಹೆಸರು ನೋಡಿ ನಂಬಬೇಡ. ಪಠ್ಯಕ್ರಮ ತೆರೆದು ಟ್ರಾನ್ಸ್‌ಪೋರ್ಟ್ ಫಿನಾಮಿನಾ (ಬಿಸಿ, ದ್ರವ, ಅನಿಲ ಸಾಗುವ ಬಗೆ), ರಿಯಾಕ್ಟರ್ ಅಂದರೆ ಟ್ಯಾಂಕಿನ ವಿನ್ಯಾಸ, ಡೌನ್‌ಸ್ಟ್ರೀಮ್ ಪ್ರೊಸೆಸಿಂಗ್ (ಸರಕನ್ನು ಬೇರ್ಪಡಿಸಿ ಶುದ್ಧ ಮಾಡುವುದು) ಈ ಮೂರೂ ಪೂರ್ಣ ವಿಷಯಗಳಾಗಿ ಇವೆಯೇ ನೋಡು. ಒಂದು ಘಟಕದಲ್ಲಿ ಮುಗಿಸಿಬಿಟ್ಟಿದ್ದರೆ ಅದು ಹಳೆಯ ಎಂ.ಎಸ್ಸಿ.ಗೆ ಹೊಸ ಬೋರ್ಡು.

ಪ್ರವೇಶಕ್ಕೆ ಮೂರು ಬಾಗಿಲು. ಮೊದಲನೆಯದು ಗೇಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ, ಅದರಲ್ಲಿ ಬಯೋಟೆಕ್ನಾಲಜಿ ಪತ್ರಿಕೆ ಬರೆಯಬೇಕು, ಅಂಕ ಮೂರು ವರ್ಷ ಊರ್ಜಿತ, ಅರ್ಹರಾಗಿ ಎಂ.ಟೆಕ್. ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ. ಎರಡನೆಯದು ಗ್ಯಾಟ್-ಬಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ನೆರವು ಕೊಡುವ ಸ್ನಾತಕೋತ್ತರ ಕೋರ್ಸುಗಳಿಗೆ ಫರೀದಾಬಾದಿನ ರೀಜನಲ್ ಸೆಂಟರ್ ಫಾರ್ ಬಯೋಟೆಕ್ನಾಲಜಿ ಪರವಾಗಿ ನಡೆಯುವ ಪರೀಕ್ಷೆ. ಇದರಲ್ಲಿ ಅನೇಕರು ಎಡವುವುದು ಒಂದು ಕಡೆ: ಅಂಕ ಬಂದ ಮೇಲೆ ಒಂದೇ ಕೌನ್ಸೆಲಿಂಗ್ ಇರುವುದಿಲ್ಲ, ಪ್ರತಿ ವಿಶ್ವವಿದ್ಯಾಲಯಕ್ಕೂ ಬೇರೆ ಬೇರೆ ಅರ್ಜಿ ಹಾಕಬೇಕು. ನನ್ನ ಒಬ್ಬ ವಿದ್ಯಾರ್ಥಿ ಒಳ್ಳೆಯ ಅಂಕ ತೆಗೆದು, ಕರೆ ಬರುತ್ತದೆ ಅಂತ ಮನೆಯಲ್ಲಿ ಕಾಯುತ್ತ ಕೂತು ಒಂದು ವರ್ಷ ಕಳೆದುಕೊಂಡ. ಮೂರನೆಯದು ನಮ್ಮ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆ.ಇ.ಎ.) ನಡೆಸುವ ಪಿ.ಜಿ.ಸಿ.ಇ.ಟಿ., ರಾಜ್ಯದ ಕಾಲೇಜುಗಳಿಗೆ. ಅಲ್ಲೂ ಗೇಟ್ ಆದವರಿಗೆ ಆದ್ಯತೆ. ಹಾಗಾಗಿ ಗೇಟ್ ಬರೆದರೆ ನಷ್ಟವಿಲ್ಲ.

ಗಣಿತದ ಹೆದರಿಕೆ ಬಗ್ಗೆ. ಗೇಟ್‌ನಲ್ಲಿ ಎಂಜಿನಿಯರಿಂಗ್ ಗಣಿತಕ್ಕೆ 13 ಅಂಕ. ಅದಕ್ಕಿಂತ ಮುಖ್ಯವಾದದ್ದು ಮಾಸ್ ಬ್ಯಾಲೆನ್ಸ್, ಅಂದರೆ ಒಳಗೆ ಹೋದದ್ದು, ಹೊರಗೆ ಬಂದದ್ದು, ಒಳಗೇ ಉಳಿದದ್ದು. ಅಪ್ಪ ಗೊಬ್ಬರ, ಬೀಜ, ಕೂಲಿ, ಮಾರಿದ್ದು ಅಂತ ಪುಸ್ತಕದಲ್ಲಿ ಬರೆದಿಡುತ್ತಾರಲ್ಲ, ಅದೇ. ಎನ್‌ಪಿಟಿಇಎಲ್ ಎಂಬ ಜಾಲತಾಣದಲ್ಲಿ ಉಚಿತ ಪಾಠಗಳಿವೆ. ದಿನಕ್ಕೆ ಒಂದು ಲೆಕ್ಕ ಮಾಡಿದರೂ ಆರು ತಿಂಗಳಲ್ಲಿ ಹೆದರಿಕೆ ಹೋಗುತ್ತದೆ, ನಾನು ಪ್ರತಿ ವರ್ಷ ನೋಡುತ್ತೇನೆ.

ನಿನ್ನ ಸಿಟ್ರಿಕ್ ಆಸಿಡ್ ಪ್ರಯೋಗಕ್ಕೂ ಒಂದು ಇತಿಹಾಸ ಇದೆ. ಮೊದಲು ಅದನ್ನು ಇಟಲಿಯ ನಿಂಬೆಹಣ್ಣಿನಿಂದ ತೆಗೆಯುತ್ತಿದ್ದರು. 1917ರಲ್ಲಿ ಜೇಮ್ಸ್ ಕರಿ ಎಂಬಾತ ಆಸ್ಪರ್ಜಿಲಸ್ ನೈಜರ್ ಬೂಸ್ಟನ್ನು ತುಂಬಾ ಹುಳಿಯಾದ ದ್ರವದಲ್ಲಿ ಬೆಳೆಸಿದರೆ ಸಿಟ್ರಿಕ್ ಆಸಿಡ್ ಹೇರಳವಾಗಿ ಬರುತ್ತದೆ ಅಂತ ತೋರಿಸಿದ. 1919ಕ್ಕೆ ಅಮೆರಿಕದ ಫೈಜರ್ ಅದನ್ನು ಕಾರ್ಖಾನೆಗೆ ತಂದಿತು. ಮುಂದೆ ಪೆನಿಸಿಲಿನ್ನನ್ನು ಆಳದ ಟ್ಯಾಂಕಿನಲ್ಲಿ ಬೆಳೆಸಲು ಆ ಕಂಪನಿಗೆ ನೆರವಾದದ್ದು ಇಂಥ ಬೂಸ್ಟು ಸಾಕಿದ ಅನುಭವವೇ. 1943ರಲ್ಲಿ ಅಮೆರಿಕದ ಪಿಯೋರಿಯಾ ಊರಿನ ಸರ್ಕಾರಿ ಪ್ರಯೋಗಾಲಯದವರಿಗೆ ಹೆಚ್ಚು ಇಳುವರಿಯ ಪೆನಿಸಿಲಿಯಂ ಸಿಕ್ಕಿದ್ದು ಬೂಸ್ಟು ಹಿಡಿದ ಒಂದು ಕರಬೂಜದ ಹಣ್ಣಿನಲ್ಲಿ. ಅದಕ್ಕೆ ಮೇವು ಹಾಕಿದ್ದು ಮುಸುಕಿನ ಜೋಳ ನೆನೆಸಿ ಉಳಿದ ನೀರು. ನಿಮ್ಮ ಹೊಲದ ಬೆಳೆಗೂ ಈ ಓದಿಗೂ ಸಂಬಂಧ ಇಲ್ಲ ಅಂತ ಯಾರಾದರೂ ಅಂದರೆ ಇದನ್ನು ಹೇಳು.

ಘಟಪ್ರಭಾ

ತಂಗಿ, ನಾ ಸಕ್ಕರಿ ಫ್ಯಾಕ್ಟರಿ ಡಿಸ್ಟಿಲರ್ಯಾಗ ಕೆಲಸಾ ಮಾಡಾಕತ್ತು ಹದಿನಾಕ ವರ್ಷ ಆತು. ಬಿ.ಎಸ್ಸಿ. ಮ್ಯಾಲ ಬಂದಾಂವ. ಎಲ್ಲಾರೂ ಬಯೋಟೆಕ್ ಅಂದ್ರ ಬೆಂಗಳೂರು, ಇನ್ಸುಲಿನ್ನು, ಬಿಳಿ ಕೋಟು ಅಂತಾರ. ನಮ್ಮ ಕಡೆ ಬಂದ್ ನೋಡ್ರಿ. ಬೆಳಗಾವಿ, ಬಾಗಲಕೋಟಿ ಜಿಲ್ಲಾದಾಗ ಎಷ್ಟ್ ಡಿಸ್ಟಿಲರಿ ಅದಾವು, ಒಂದೊಂದರಾಗ ಲಕ್ಷಗಟ್ಟಲೆ ಲೀಟರಿನ ಟ್ಯಾಂಕು ಸಾಲಾಗಿ ನಿಂತಾವು. ಪೆಟ್ರೋಲಿಗೆ ಎಥನಾಲ್ ಕೂಡ್ಸೂದು ಬಂದ ಮ್ಯಾಲಂತೂ ಹಂಗಾಮು ಮುಗದ್ರೂ ಕೆಲಸ ಮುಗಿಯೂದಿಲ್ಲ, ಕಬ್ಬಿನ ಕಾಕಂಬಿ (ಮೊಲಾಸಿಸ್) ತೀರಿದ್ರ ಧಾನ್ಯದಿಂದ ಮಾಡೂ ಘಟಕಾನೂ ಬಂದಾವು.

ಇಲ್ಲಿ ಓದಿದಾವರು ಭಾಳ ಕಡಿಮಿ. ಯೀಸ್ಟ್ ಯಾಕ ಸತ್ತಿತು ಅಂತ ಕೇಳಿದ್ರ "ನೀರು ಸರಿ ಇಲ್ರಿ" ಅಂತ ಹೇಳಿ ಕೈ ತೊಳಕೊಂಡ ಬಿಡೂದು. ಹೋದ ವರ್ಷ ಒಬ್ಬ ಎಂ.ಟೆಕ್. ಹುಡುಗ ಟ್ರೇನಿ ಆಗಿ ಬಂದಿದ್ದ. ಸೂಕ್ಷ್ಮದರ್ಶಕ ತಗೊಂಡ ಕುಂತು ಎಂಟ ದಿವಸ ಎಲ್ಲಾ ಟ್ಯಾಂಕಿನ ಸ್ಯಾಂಪಲ್ ನೋಡಿದ. ಯೀಸ್ಟ್ ಮೊದಲ ಬೆಳಸೂ ಬೀಜದ ಟ್ಯಾಂಕಿಂದ ಬರೂ ಒಂದ ಪೈಪಿನ ಮೂಲ್ಯಾಗ ರಸ ನಿಂತ ಹುಳಿ ಆಗಿ, ಅಲ್ಲಿಂದ ಲ್ಯಾಕ್ಟೋಬ್ಯಾಸಿಲಸ್ ಅನ್ನೂ ಹುಳಿ ಮಾಡೂ ಬ್ಯಾಕ್ಟೀರಿಯಾ ಎಲ್ಲಾ ಕಡೆ ಹೊಂಟಿತ್ತು. ಆ ಮೂಲಿ ಕತ್ತರಿಸಿ ಪೈಪು ಇಳಿಜಾರ ಮಾಡಿಸಿದ. ಅಷ್ಟ. ಯೀಸ್ಟ್ ಸಾಯೂದು ನಿಂತ ಹೋತು. ಅಂವ ಹೊಂಟ ಹೋಗೂ ದಿನ ನಮ್ಮ ಹಳೇ ಆಪರೇಟರು ಅಂವಗ ಶಾಲು ಹೊಚ್ಚಿ ಕಳಿಸಿದ್ರು.

ಇನ್ನೊಂದ ಮಾತ. ಒಂದು ಲೀಟರ್ ಸ್ಪಿರಿಟ್ ತಗದ್ರ ಹತ್ತ ಲೀಟರಿನ ಆಸುಪಾಸು ಸ್ಪೆಂಟ್ ವಾಶ್, ಅಂದ್ರ ಉಳಿದ ಹೊಲಸ ನೀರು, ಬರ್ತದ. ಕರ್ರಗ, ಬಿಸಿ, ವಾಸನಿ. ಹಳ್ಳಕ್ಕ ಬಿಟ್ಟ್ರ ಮೀನಾ ಸಾಯ್ತಾವು, ಊರ ಮಂದಿ ಬಂದ್ ಗೇಟಿಗೆ ಕುಂದರ್ತಾರ, ಅವರದೇನೂ ತಪ್ಪಿಲ್ಲ. ಅದನ್ನ ಗ್ಯಾಸ್ ಮಾಡೂದು, ಆವಿ ಮಾಡಿ ಇಂಗಿಸೂದು, ಪೊಟ್ಯಾಶ್ ತಗಿಯೂದು, ಇದನ್ನ ಚೊಲೊ ಕಲತಾವ್ರು ನಮಗ ಬೇಕಾಗ್ಯಾರ. ಓದೂ ಮುಂದ ಈ ಕಡೆನೂ ಲಕ್ಷ್ಯ ಇರ್ಲಿ.

ಬಿಎಸ್ಸಿ ಎರಡನೇ ವರ್ಷ

ನಡುವೆ ಬಂದು ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಸೂಕ್ಷ್ಮಜೀವಶಾಸ್ತ್ರ ಓದುತ್ತಿದ್ದೇನೆ. ನನಗೂ ಎಂ.ಟೆಕ್. ಸಿಗುತ್ತದೆಯೇ?

ಪಾಠದ ಮೇಷ್ಟ್ರು

ಮೂರು ವರ್ಷದ ಬಿ.ಎಸ್ಸಿ. ಮೇಲೆ ನೇರವಾಗಿ ಎಂ.ಟೆಕ್. ಸಿಗುವುದು ಕಷ್ಟ. ಎಂ.ಎಸ್ಸಿ. ಮಾಡಿ ಆಮೇಲೆ ಎಂ.ಟೆಕ್.ಗೆ ಹೋಗಲು ಕೆಲವು ಕಡೆ ಅವಕಾಶ ಇದೆ, ಪ್ರತಿ ಸಂಸ್ಥೆಯ ಅರ್ಹತೆ ಬೇರೆ, ಓದಿ ನೋಡು. ಎಂ.ಎಸ್ಸಿ.ಯಲ್ಲೇ ಇಂಡಸ್ಟ್ರಿಯಲ್ ಬಯೋಟೆಕ್ನಾಲಜಿ ಇರುವ ವಿಭಾಗಗಳೂ ಇವೆ. ಆಹಾರದ ಕಡೆ ಒಲವಿದ್ದರೆ ಮೈಸೂರಿನ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ನಡೆಸುವ ಎಂ.ಎಸ್ಸಿ. ಫುಡ್ ಟೆಕ್ನಾಲಜಿಯನ್ನು ಮರೆಯಬೇಡ. 1950ರಿಂದ ಇರುವ ಸಂಸ್ಥೆ, ಕೈಕೆಲಸ ಕಲಿಸುವುದರಲ್ಲಿ ಹೆಸರುವಾಸಿ. ಐಐಟಿಗಳಿಗೆ ಜಾಮ್ ಎಂಬ ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಬರೆಯಬೇಕು, ಅದರ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಗಣಿತ, ಭೌತಶಾಸ್ತ್ರವೂ ಬರುತ್ತದೆ. ಪಿಯುಸಿ ಗಣಿತದ ಪುಸ್ತಕ ಅಟ್ಟದಿಂದ ಇಳಿಸು.

ದೂರದೂರಿನಿಂದ

ಮಂಡ್ಯದವಳು, ಈಗ ಜರ್ಮನಿಯಲ್ಲಿದ್ದೇನೆ, ಬಯೋಪ್ರೊಸೆಸ್‌ನಲ್ಲಿ ಮಾಸ್ಟರ್ಸ್ ಮುಗಿಸಿ ಒಂದೂವರೆ ವರ್ಷ ಆಯಿತು. ಇಲ್ಲಿಗೆ ಬರುವ ಯೋಚನೆ ಇದ್ದರೆ ಕೆಲವು ವಿಷಯ ಹೇಳುತ್ತೇನೆ.

"ಜರ್ಮನಿಯಲ್ಲಿ ಓದು ಉಚಿತ" ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಯೂರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಇದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಇಂಡಸ್ಟ್ರಿಯಲ್ ಬಯೋಟೆಕ್ನಾಲಜಿ ಹೆಸರಿನ ಮಾಸ್ಟರ್ಸ್ ಇದೆ, ಆದರೆ 2024ರ ಚಳಿಗಾಲದ ಸೆಮಿಸ್ಟರಿನಿಂದ ಯೂರೋಪ್ ಒಕ್ಕೂಟದ ಹೊರಗಿನವರಿಗೆ ಅಲ್ಲಿ ಮಾಸ್ಟರ್ಸ್ ಶುಲ್ಕ ಸೆಮಿಸ್ಟರಿಗೆ 4,000ದಿಂದ 6,000 ಯೂರೋ ಆಗಿದೆ. ಉಳಿದ ಅನೇಕ ಕಡೆ ಈಗಲೂ ಶುಲ್ಕ ಇಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ವೀಸಾಕ್ಕೆ ಮೊದಲು ಎ.ಪಿ.ಎಸ್. ಪ್ರಮಾಣಪತ್ರ, ಅಂದರೆ ನಮ್ಮ ಅಂಕಪಟ್ಟಿಗಳು ಅಸಲಿ ಅನ್ನುವ ದೃಢೀಕರಣ ಬೇಕು. ಜೊತೆಗೆ ಒಂದು ವರ್ಷದ ಖರ್ಚಿನ ಹಣವನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು, 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ. ಹತ್ತು ಲಕ್ಷ ರೂಪಾಯಿಗೂ ಮೇಲೆ. ಅದು ನಿಮ್ಮದೇ ಹಣ, ತಿಂಗಳು ತಿಂಗಳು ವಾಪಸ್ ಬರುತ್ತದೆ, ಆದರೆ ಹೊರಡುವ ಮೊದಲು ಪೂರ್ತಿ ಕೈಯಲ್ಲಿರಬೇಕು. ನಮ್ಮಪ್ಪ ಅದಕ್ಕಾಗಿ ನಾಲ್ಕು ಬ್ಯಾಂಕ್ ಅಲೆದರು.

ಓದಿನಲ್ಲಿ ನನಗೆ ಬಹಳ ಹಿಡಿಸಿದ್ದು ಇಂಟರ್ನ್‌ಶಿಪ್ ಮತ್ತು ಥೀಸಿಸ್. ಆರು ತಿಂಗಳು ಪೂರ್ತಿ ಥೀಸಿಸ್ಸಿಗೇ. ನನಗೆ ಕೊಟ್ಟದ್ದು ಕೊರಿನೆಬ್ಯಾಕ್ಟೀರಿಯಂ ಎಂಬ ಜೀವಿಯಿಂದ ಲೈಸಿನ್ ತೆಗೆಯುವ ವಿಷಯ. ಕೋಳಿ, ಹಂದಿ ಮೇವಿಗೆ ಬೆರೆಸುವ ಅಮೈನೋ ಆಮ್ಲ ಅದು. ಯಂತ್ರ ಕೆಟ್ಟರೆ ರಿಪೇರಿಯವರನ್ನು ಕರೆಯುವ ಪದ್ಧತಿ ಇರಲಿಲ್ಲ. ಪಂಪು ಬಿಚ್ಚಿ, ಕೊಳವೆ ಬದಲಿಸಿ ನಾನೇ ಕೂಡಿಸಬೇಕಿತ್ತು. ಮೊದಲ ತಿಂಗಳು ಅತ್ತಿದ್ದೂ ಉಂಟು. ಈಗ ಯಾವ ಪಂಪು ತಂದಿಟ್ಟರೂ ಹೆದರಿಕೆ ಇಲ್ಲ.

ಭಾಷೆ ಕಲಿಯಲೇಬೇಕು. ಪಾಠ ಇಂಗ್ಲಿಷಿನಲ್ಲಿ ಸಿಗುತ್ತದೆ, ಕೆಲಸ ಸಿಗುವುದು ಜರ್ಮನ್‌ನಲ್ಲಿ. ಕಾರ್ಖಾನೆಯ ಆಪರೇಟರ್ ಜೊತೆ ಮಾತಾಡಲು ಬಾರದ ಪ್ರೊಸೆಸ್ ಎಂಜಿನಿಯರನ್ನು ಯಾರು ತೆಗೆದುಕೊಳ್ಳುತ್ತಾರೆ? ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ನನಗೆ ಹದಿಮೂರನೇ ತಿಂಗಳಲ್ಲಿ ಸಿಕ್ಕಿತು. ಆ ಕೊನೆಯ ಐದಾರು ತಿಂಗಳ ನಿದ್ದೆಗೆಟ್ಟ ರಾತ್ರಿಗಳು ಇನ್ನೂ ನೆನಪಿವೆ. ಸಾಲ ಇರುವವರು ಈ ಭಾಗವನ್ನು ಎರಡು ಸಲ ಓದಿ.

ಒಬ್ಬ ತಂದೆ

ನನ್ನ ಮಗಳೂ ಇದೇ ಓದಬೇಕು ಅನ್ನುತ್ತಿದ್ದಾಳೆ. ಓದಿಸಲು ತಯಾರಿದ್ದೇನೆ. ಆದರೆ ಫರ್ಮೆಂಟೇಶನ್ ಅಂದರೆ ರಾತ್ರಿ ಪಾಳಿ ಇರುತ್ತದಂತೆ. ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆಯೇ? ಸುರಕ್ಷತೆ ಹೇಗೆ? ಯಾರಾದರೂ ಹೆಣ್ಣುಮಕ್ಕಳೇ ಉತ್ತರ ಹೇಳಿದರೆ ಒಳ್ಳೆಯದು.

ಲ್ಯಾಬ್ ಕೋಟು

ಸರ್, ನಾನು ಹೇಳುತ್ತೇನೆ. 2015ರಲ್ಲಿ ಎಂ.ಎಸ್ಸಿ. ಮುಗಿಸಿದೆ. ಮೊದಲು ಸೇರಿದ ಕಂಪನಿಯಲ್ಲಿ ಉತ್ಪಾದನಾ ವಿಭಾಗಕ್ಕೆ ಅರ್ಜಿ ಹಾಕಿದ್ದೆ. ಸಂದರ್ಶನ ಚೆನ್ನಾಗಿಯೇ ಆಯಿತು. ಕೊನೆಗೆ "ಹೆಣ್ಣುಮಕ್ಕಳಿಗೆ ಕ್ಯೂಸಿ ಅನುಕೂಲ" ಅಂತ ಹೇಳಿ ಗುಣಮಟ್ಟ ಪರೀಕ್ಷೆಗೆ ಹಾಕಿದರು. ನನ್ನನ್ನು ಯಾರೂ ಕೇಳಲಿಲ್ಲ. ಮೂರು ವರ್ಷ ಸರಕಿನ ಶುದ್ಧತೆ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಮುಂದೆ ಕೂತೆ. ಕೆಟ್ಟ ಕೆಲಸ ಅಂತಲ್ಲ, ನನಗೆ ಬೇಕಾದದ್ದು ಅದಲ್ಲ. ಆ ನೋವು ಇವತ್ತಿಗೂ ಇದೆ.

ಈಗ ಪರಿಸ್ಥಿತಿ ಬದಲಾಗಿದೆ. 2019ರಲ್ಲಿ ಕರ್ನಾಟಕ ಸರ್ಕಾರ ಕಾರ್ಖಾನೆಗಳಲ್ಲಿ ಮಹಿಳೆಯರ ರಾತ್ರಿ ಪಾಳಿಗೆ ಅನುಮತಿ ಕೊಟ್ಟಿತು, ಅವರ ಒಪ್ಪಿಗೆ, ಸಾರಿಗೆ, ಭದ್ರತೆ ಇವೆಲ್ಲ ಷರತ್ತು. ನಾನು ಎರಡನೇ ಕಂಪನಿಯಲ್ಲಿ ಉತ್ಪಾದನೆಗೇ ಬಂದೆ, ಈಗ ಸಣ್ಣ ಪ್ರಮಾಣದ ಪ್ರಕ್ರಿಯೆಯನ್ನು ದೊಡ್ಡ ಟ್ಯಾಂಕಿಗೆ ದಾಟಿಸುವ ತಂಡದಲ್ಲಿದ್ದೇನೆ. ರಾತ್ರಿ ಪಾಳಿಯಲ್ಲಿ ಇಬ್ಬರು ಹೆಣ್ಣುಮಕ್ಕಳು ಇದ್ದೇ ಇರುತ್ತೇವೆ, ಕ್ಯಾಬ್ ಮನೆ ಬಾಗಿಲಿಗೆ ಬರುತ್ತದೆ. ಸೇರುವ ಮೊದಲು ಈ ಎರಡು ವಿಷಯ ಬಾಯಿಬಿಟ್ಟು ಕೇಳಲು ಮಗಳಿಗೆ ಹೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಡೆ ಹೋಗುವುದು ಬೇಡ.

ಇನ್ನು ಮೂರನೇ ಪಾಳಿ ಅಣ್ಣನ ಮಾತಿಗೆ ನನ್ನದು ಸ್ವಲ್ಪ ತಕರಾರು ಇದೆ. ಫರ್ಮೆಂಟರ್ ಫರ್ಮೆಂಟರ್ ಅಂತ ಎಲ್ಲರೂ ಅದರ ಹಿಂದೆಯೇ ಓಡುತ್ತಾರೆ. ಟ್ಯಾಂಕಿನಿಂದ ಹೊರಬಂದದ್ದು ಒಂದು ಗಂಜಿ, ಅದರಲ್ಲಿ ನಮಗೆ ಬೇಕಾದದ್ದು ಲೀಟರಿಗೆ ಕೆಲವು ಗ್ರಾಂ. ಅದನ್ನು ಬೇರ್ಪಡಿಸಲು ಐದು ಹಂತ ಅಂದುಕೊಳ್ಳಿ, ಪ್ರತಿ ಹಂತದಲ್ಲಿ ನೂರಕ್ಕೆ ತೊಂಬತ್ತು ಉಳಿಸಿಕೊಂಡರೂ ಕೊನೆಗೆ ಕೈಗೆ ಬರುವುದು 59. ಇಂಜೆಕ್ಷನ್ ಆಗುವ ಔಷಧದಲ್ಲಿ ಖರ್ಚಿನ ದೊಡ್ಡ ಪಾಲು ಇಲ್ಲೇ. ಆದರೂ ಕಾಲೇಜುಗಳಲ್ಲಿ ಡೌನ್‌ಸ್ಟ್ರೀಮ್ ಪ್ರಯೋಗ ಅಂದರೆ ಒಂದು ಗಾಜಿನ ಕೊಳವೆಯಲ್ಲಿ ಬಣ್ಣ ಇಳಿಸಿ ತೋರಿಸುವುದು. ಹಾಗಾಗಿ ತಂಗಿ, ಫರ್ಮೆಂಟರ್ ಲಾಗ್‌ಬುಕ್ ಕೇಳಿದ ಮೇಲೆ ಪಕ್ಕದ ಕೋಣೆಯಲ್ಲಿ ಸೆಂಟ್ರಿಫ್ಯೂಜ್, ಅಲ್ಟ್ರಾಫಿಲ್ಟ್ರೇಶನ್, ಕ್ರೊಮ್ಯಾಟೊಗ್ರಫಿಯಂಥ ಬೇರ್ಪಡಿಸುವ ಯಂತ್ರ ಏನಿದೆ ಅದನ್ನೂ ನೋಡಿ ಬನ್ನಿ.

ಮತ್ತೆ, ಎಲ್ಲರಿಗೂ ಎಂ.ಟೆಕ್. ಬೇಕೇ ಬೇಕು ಅಂತ ನನಗೆ ಅನ್ನಿಸುವುದಿಲ್ಲ. ಬಿ.ಇ. ಮುಗಿಸಿ ಎರಡು ವರ್ಷ ಪ್ಲಾಂಟಿನಲ್ಲಿ ಕೆಲಸ ಮಾಡಿ ಆಮೇಲೆ ಓದಿದವರು ತರಗತಿಯಲ್ಲಿ ಕೇಳುವ ಪ್ರಶ್ನೆಯೇ ಬೇರೆ ಇರುತ್ತದೆ. ಬೆಂಗಳೂರಿನ ಔಷಧ ಕಂಪನಿ ಬಯೋಕಾನ್‌ನ ಅಕಾಡೆಮಿಯಂಥ ಕಡೆ ಕೆಲವು ತಿಂಗಳ ತರಬೇತಿಯೂ ಇದೆ.

ಮೂರನೇ ಪಾಳಿ

ಲ್ಯಾಬ್ ಕೋಟು ಅವರೇ, ಡೌನ್‌ಸ್ಟ್ರೀಮ್ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪಿದೆ. ನಾನು ಟ್ಯಾಂಕಿನವನು, ಹಾಗಾಗಿ ಟ್ಯಾಂಕೇ ಕಾಣುತ್ತದೆ. ಕೆಲಸ ಮೊದಲು, ಓದು ಆಮೇಲೆ ಅನ್ನುವುದಕ್ಕೆ ಮಾತ್ರ ನನ್ನದು ಬೇರೆ ಅನುಭವ. ನನ್ನ ಜೊತೆ ಸೇರಿದ ಬಿ.ಇ. ಹುಡುಗರಲ್ಲಿ ನಾಲ್ವರು "ಎರಡು ವರ್ಷ ಬಿಟ್ಟು ಓದುತ್ತೇನೆ" ಅಂದಿದ್ದರು. ಮನೆ ಸಾಲ, ತಂಗಿ ಮದುವೆ ಅಂತ ಒಬ್ಬರೂ ಹೋಗಲಿಲ್ಲ. ಈಗಲೂ ಬ್ಯಾಚ್ ರೆಕಾರ್ಡ್ ತುಂಬಿಸುತ್ತಿದ್ದಾರೆ, ಪ್ರಕ್ರಿಯೆ ಬದಲಿಸುವ ಮೀಟಿಂಗಿಗೆ ಅವರನ್ನು ಕರೆಯುವುದಿಲ್ಲ. ನಮ್ಮಲ್ಲಿ ಅತಿ ಜಾಣ ಆಪರೇಟರ್ ಅವರೇ. ಹೊಟ್ಟೆ ಉರಿಯುತ್ತದೆ.

"ಕೆಲಸ ಎಲ್ಲಿದೆ" ಅಂತ ನಿಮ್ಮ ದೊಡ್ಡಪ್ಪನ ಮನೆಯವರು ಕೇಳಿದ್ದಕ್ಕೆ: ಬಯೋಕಾನ್ 1978ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ಪಪ್ಪಾಯಿ ಹಾಲಿನಿಂದ ತೆಗೆದ ಪಪೈನ್, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಮಾರಿಕೊಂಡು. ಕಟ್ಟಿದ ಕಿರಣ್ ಮಜುಂದಾರ್-ಶಾ ಅವರು ಓದಿದ್ದು ಬಿಯರ್ ತಯಾರಿಕೆ. 2004ಕ್ಕೆ ಅವರು ಯೀಸ್ಟ್ ಜಾತಿಯ ಪಿಕಿಯಾದಿಂದ ಮಾಡಿದ ಇನ್ಸುಲಿನ್ ಮಾರುಕಟ್ಟೆಗೆ ತಂದರು. 2007ರಲ್ಲಿ ಕಿಣ್ವದ ವ್ಯವಹಾರವನ್ನು ಡೆನ್ಮಾರ್ಕಿನ ನೋವೋಜೈಮ್ಸ್ ಕಂಪನಿಗೆ ಮಾರಿದರು. ಇವತ್ತು ಸುತ್ತಮುತ್ತ ಕಿಣ್ವ, ಲಸಿಕೆ, ಔಷಧ, ಮೇವು, ಎಥನಾಲ್ ಅಂತ ಎಲ್ಲ ಕಡೆ ಟ್ಯಾಂಕುಗಳಿವೆ. 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಬಯೋಇ3 ಎಂಬ ನೀತಿಯನ್ನೂ ಒಪ್ಪಿದೆ, ಜೀವಿಗಳಿಂದ ಸರಕು ತಯಾರಿಸುವುದಕ್ಕೇ ಅಂತ. ಸಾಫ್ಟ್‌ವೇರಿನಷ್ಟು ಸಂಬಳ ಮೊದಲ ಐದು ವರ್ಷ ಸಿಗುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಇದನ್ನು ಮೊದಲೇ ಹೇಳಿಬಿಡಿ. ಮೂರನೇ ವರ್ಷ ಗೊತ್ತಾದರೆ ಜಗಳ ಆಗುತ್ತದೆ.

ಹಾಸನದ ಹುಡುಗಿ

ಮೂರು ವಾರ ಆಯಿತು, ಎಲ್ಲರಿಗೂ ಒಟ್ಟಿಗೆ ಉತ್ತರ ಬರೆಯೋಣ ಅಂತ ಕಾದೆ. ಎರಡು ಕಾಲೇಜಿಗೆ ಹೋಗಿ ಬಂದೆ, ಅಪ್ಪನೂ ಬಂದಿದ್ದರು.

ಮೊದಲನೆಯದರಲ್ಲಿ ಕಟ್ಟಡ ಹೊಸದು, ಲಿಫ್ಟು, ಗಾಜಿನ ಬಾಗಿಲು. ಫರ್ಮೆಂಟರ್ ತೋರಿಸಿ ಅಂದೆ. ಕೀಲಿಕೈ ಹುಡುಕಲು ಇಪ್ಪತ್ತು ನಿಮಿಷ ಬೇಕಾಯಿತು. ಒಳಗೆ 10 ಲೀಟರಿನ ಉಕ್ಕಿನ ಪಾತ್ರೆ ಫಳಫಳ ಹೊಳೆಯುತ್ತಿತ್ತು. ಲಾಗ್‌ಬುಕ್ ಕೇಳಿದ್ದಕ್ಕೆ "ಅಡ್ಮಿಷನ್ ಆದ ಮೇಲೆ ತೋರಿಸುತ್ತೇವೆ" ಅಂದರು.

ಎರಡನೆಯದರಲ್ಲಿ ಮಾಳಿಗೆ ಸೋರುತ್ತದೆ. ಲ್ಯಾಬಿಗೆ ಕಾಲಿಟ್ಟ ಕೂಡಲೇ ಒಂಥರಾ ವಾಸನೆ, ಹುಳಿ ಹಿಟ್ಟು ಮತ್ತು ಬೆಲ್ಲ ಸೇರಿದ ಹಾಗೆ. ಅಪ್ಪ ನನ್ನ ಕಿವಿಯಲ್ಲಿ "ದೋಸೆ ಹಿಟ್ಟು ಉಕ್ಕಿದೆ ನೋಡು" ಅಂದರು. 3 ಲೀಟರಿನ ಗಾಜಿನ ಪಾತ್ರೆ, ಮುಚ್ಚಳದ ಒಂದು ಬೋಲ್ಟು ಬೇರೆ ಬಣ್ಣದ್ದು, ಒಳಗೆ ಕಂದು ದ್ರವ ತಿರುಗುತ್ತಿತ್ತು. ಎರಡನೇ ವರ್ಷದ ಅಕ್ಕ ಒಬ್ಬರು ಮೂಲೆಯಲ್ಲಿ ಟಿಫಿನ್ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದರು. ಲಾಗ್‌ಬುಕ್ ಅಲ್ಲೇ ದಾರ ಕಟ್ಟಿ ನೇತುಹಾಕಿದ್ದಾರೆ. ಕೊನೆಯ ಬರಹ ಅವತ್ತು ಬೆಳಿಗ್ಗೆ 6:40ರದ್ದು: "ಪಿಎಚ್ 6.8, ನೊರೆ ಇದೆ, 2 ಹನಿ ಹಾಕಿದೆ." ಪಕ್ಕದ ಕೋಣೆಯಲ್ಲಿ ಸೆಂಟ್ರಿಫ್ಯೂಜ್ ಇದೆ, ಕ್ರೊಮ್ಯಾಟೊಗ್ರಫಿ ಯಂತ್ರ ಇನ್ನೊಂದು ವಿಭಾಗದ್ದು, ವಾರಕ್ಕೆ ಎರಡು ದಿನ ಸಿಗುತ್ತದಂತೆ.

ಗೇಟ್‌ಗೆ ಓದುತ್ತಿದ್ದೇನೆ. ಅಂಕ ಬಂದರೆ ಎರಡನೆಯದಕ್ಕೇ ಮೊದಲ ಅರ್ಜಿ. ಜರ್ಮನಿಯ ವಿಷಯ ಈಗ ಬೇಡ ಅಂತ ಅಪ್ಪ, ನಾನು ಇಬ್ಬರೂ ಕೂತು ಲೆಕ್ಕ ಹಾಕಿ ತೀರ್ಮಾನಿಸಿದೆವು.

ಮೇಷ್ಟ್ರು ಹೇಳಿದ ಹಾಗೆ ದಿನಕ್ಕೊಂದು ಲೆಕ್ಕ ಮಾಡುತ್ತಿದ್ದೇನೆ. ನಿನ್ನೆಯದು ಘಟಪ್ರಭಾ ಅಣ್ಣನಿಗಾಗಿ. ಒಂದು ಟನ್ ಕಾಕಂಬಿ, ಅದರಲ್ಲಿ ಹುದುಗುವ ಸಕ್ಕರೆ ನೂರಕ್ಕೆ 40 ಅಂದರೆ 400 ಕೆ.ಜಿ. ಒಂದು ಕೆ.ಜಿ. ಗ್ಲೂಕೋಸಿನಿಂದ ಹೆಚ್ಚೆಂದರೆ 0.511 ಕೆ.ಜಿ. ಎಥನಾಲ್, ಉಳಿದದ್ದು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. 400ಕ್ಕೆ 204 ಕೆ.ಜಿ. ಸಾಂದ್ರತೆ 0.789ರಿಂದ ಭಾಗಿಸಿದರೆ 259 ಲೀಟರ್. ಸರಿ ಇದೆಯಾ ಅಣ್ಣ? ನಿಮ್ಮಲ್ಲಿ ನಿಜವಾಗಿ ಎಷ್ಟು ಬರುತ್ತದೆ?

ಘಟಪ್ರಭಾ

ಲೆಕ್ಕ ಬರೋಬ್ಬರಿ ಐತಿ ತಂಗಿ. ಚೊಲೊ ನಡದಾಗ ನೂರಕ್ಕ ತೊಂಬತ್ತರಂಗ ಹಿಡಿ, 233 ಲೀಟರ್ ಆಸುಪಾಸು. ಉಳಿದಿದ್ದು ಎಲ್ಲಿ ಹೋತು ಅಂತ ನೀನ ಹುಡುಕ. ಒಂದ್ ಪಾಲು ಯೀಸ್ಟ್ ತನ್ನ ಮೈ ಬೆಳಸಾಕ ತಿಂತದ, ಒಂದ್ ಪಾಲು ಗ್ಲಿಸರಾಲ್ ಆಗ್ತದ, ಒಂದ್ ಪಾಲು ಆ ಲ್ಯಾಕ್ಟೋಬ್ಯಾಸಿಲಸ್ ಕಳ್ಳ ಹೊಡಿತಾನ, ಮತ್ತೊಂದಿಷ್ಟು ಗಾಳ್ಯಾಗ ಹಾರಿ ಹೊಕ್ಕದ.

ನವೆಂಬರಿನ್ಯಾಗ ಕಬ್ಬು ನುರಿಸೂ ಹಂಗಾಮು ಚಾಲೂ ಆಗಿರ್ತದ. ಅಪ್ಪಾರನ್ನೂ ಕರಕೊಂಡ ಬಾ, ಟ್ಯಾಂಕಿನ ಮ್ಯಾಲ ಹತ್ತಿಸಿ ತೋರಸ್ತೇನಿ. ಚಪ್ಪಲ್ ನಡಿಯೂದಿಲ್ಲ, ಬೂಟ್ ಹಾಕ್ಕೊಂಡ ಬರ್ರಿ. ಮತ್ತ ನಿನ್ನ ನೋಟ್‌ಬುಕ್ ಮರಿಬ್ಯಾಡ, ನಮ್ಮ ಸ್ಪೆಂಟ್ ವಾಶಿನ ಲೆಕ್ಕ ಇನ್ನೂ ಯಾರೂ ಸರಿಯಾಗಿ ಮಾಡಿಲ್ಲ.